ಕುರ್ಚಿಯ ಎತ್ತರಕ್ಕೆ ಇಳಿದ ಕಾರು

ಎಂಬತ್ತರ ದಶಕದ ಶುರುವಿನಲ್ಲಿ ನಾನು ಖಾನಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದೆ. ವಾರಕ್ಕೊಮ್ಮೆ ಬೆಳಗಾವಿಯ ರವಿವಾರ ಪೇಟೆಯಿಂದ ಬೆಲ್ಲ, ಬೇಳೆ, ಅಕ್ಕಿ ತರಲೆಂದು ಒಂದು ಹಳೆಯ ಕಾರು ಕೊಂಡಿದ್ದೆ. ಅದರ ಹಿಂದಿನ ಮಾಲೀಕನೂ ಸರಕನ್ನೇ ಹೇರುತ್ತಿದ್ದ. ಭಾರ ತಡೆಯಲಿ ಎಂದು ಹಿಂದಿನ ಚಕ್ರಗಳ ಮೇಲಿನ ಕಮಾನು ಸ್ಪ್ರಿಂಗಿಗೆ ಹೆಚ್ಚಿನ ಪಾಟಾ, ಅಂದರೆ ಬಾಗಿಸಿದ ಉಕ್ಕಿನ ಪಟ್ಟಿಗಳನ್ನು, ಹಾಕಿಸಿದ್ದ. ಹೀಗಾಗಿ ಖಾಲಿ ಇದ್ದಾಗ ಕಾರು ಹಿಂಭಾಗ ಎತ್ತಿಕೊಂಡು ನಿಲ್ಲುತ್ತಿತ್ತು. ನಾನು ಅದನ್ನೇ ಠೀವಿ ಎಂದುಕೊಂಡಿದ್ದೆ.

ನನ್ನ ಅಕ್ಕನಿಗೆ ಎಳವೆಯಲ್ಲಿ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಮನೆಯ ಹತ್ತಿರದ ಶಾಲೆಗೆ ಊರುಗೋಲು ಹಿಡಿದು ಹೋಗಿ ಪಾಠ ಮಾಡುತ್ತಿದ್ದಳು. ದೂರ ಹೋಗುವುದಿದ್ದರೆ ನಾನೇ ಅವಳನ್ನು ಎತ್ತಿ ಟಾಂಗಾದಲ್ಲೋ ಬಸ್ಸಿನಲ್ಲೋ ಕೂರಿಸುತ್ತಿದ್ದೆ. ಇಪ್ಪತ್ತು ವರ್ಷ ಹಾಗೆ ಎತ್ತಿದ್ದೇನೆ. ನನ್ನಂಥ ತಮ್ಮ ಇಲ್ಲ ಎಂಬ ಜಂಬವೂ ನನಗಿತ್ತು.

ಆ ವರ್ಷ ಅವಳಿಗೆ ಪಕ್ಕದ ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯಿನಿಯ ಹುದ್ದೆ ಬಂತು. ದೀಪಾವಳಿ ರಜೆ ಮುಗಿದ ಕೂಡಲೇ ಸೇರಬೇಕು. ದಿನಾ ಕಾರಿನಲ್ಲಿ ಬಿಟ್ಟುಬರುತ್ತೇನೆ ಎಂದೆ. ಅವಳು ಒಪ್ಪಲಿಲ್ಲ. ಆ ಎತ್ತರದ ಸೀಟಿಗೆ ಅವಳನ್ನು ಎತ್ತಿಯೇ ಕೂರಿಸಬೇಕಿತ್ತು.

"ಸಾಲಿ ಅಂಗಳದಾಗ ಹುಡುಗೂರ ಮುಂದ ನೀ ನನ್ನ ಎತ್ತಿ ಇಳಿಸಿದ್ರ, ಆಮ್ಯಾಲ ನನ್ನ ಮಾತ ಯಾರ ಕೇಳ್ತಾರ? ಬರೂದಿಲ್ಲಂತ ಬರದ ಕೊಟ್ಟಬಿಡ್ತೀನಿ," ಎಂದಳು. ಅವಳು ಸುಮ್ಮನೆ ಹೆದರಿಸುವವಳಲ್ಲ.

ಅದೇ ವಾರ ರವಿವಾರ ಪೇಟೆಯಿಂದ ಬಂದು ಕಾರನ್ನು ಅಂಗಡಿಯ ಮುಂದೆ ನಿಲ್ಲಿಸಿದ್ದೆ. ಡಿಕ್ಕಿಯಲ್ಲಿ ಅಕ್ಕಿ ಚೀಲಗಳಿದ್ದವು. ಅಕ್ಕ ಹಿಂದಿನ ಬಾಗಿಲು ತೆರೆದು, ಬೆನ್ನು ತಿರುಗಿಸಿ, ತಾನೇ ಸೀಟಿನ ಮೇಲೆ ಕುಳಿತುಬಿಟ್ಟಳು! ಭಾರಕ್ಕೆ ಕಾರು ತಗ್ಗಿತ್ತು. ನನ್ನ ತಲೆ ಓಡಿತು: ಎರಡು ಚೀಲ ಡಿಕ್ಕಿಯಲ್ಲೇ ಬಿಟ್ಟರೆ ಆಯಿತಲ್ಲ. ಆ ಚೀಲಗಳು ಒಂದು ವಾರ ಬೀಗರ ಹಾಗೆ ಕುಳಿತು ಊರೆಲ್ಲ ತಿರುಗಿದವು. ನಾವಿಬ್ಬರೂ ಹತ್ತಿದರೆ ಮಾತ್ರ ಪ್ರತಿ ಉಬ್ಬಿಗೂ ಕಾರಿನ ಹೊಟ್ಟೆ ನೆಲಕ್ಕೆ ಉಜ್ಜುತ್ತಿತ್ತು.

ಕೊನೆಗೆ ಬೆಳಗಾವಿಗೆ ಹೋದೆ. ಹೊಸ ಕಮಾನು ತರಿಸುವ ತಾಕತ್ತು ನನಗಿರಲಿಲ್ಲ. ಒಬ್ಬ ಮೆಕ್ಯಾನಿಕ್ ಗ್ಯಾಸಿನಿಂದ ಕಾಯಿಸಿ ಪಾಟಾ ತಗ್ಗಿಸುತ್ತೇನೆ ಎಂದ. ಇನ್ನೊಬ್ಬ ಕಮಾನಿಗೂ ಅಚ್ಚಿಗೂ ನಡುವೆ ಕಟ್ಟಿಗೆಯ ತುಂಡು ಇಡೋಣ ಎಂದ. ಎರಡಕ್ಕೂ ನಾನು ತಯಾರಿದ್ದೆ. ಅಷ್ಟರಲ್ಲಿ ಯಾರೋ ಖಾಸಬಾಗದ ಉಸ್ತಾದರ ಗ್ಯಾರೇಜು ತೋರಿಸಿದರು. ನನ್ನ ಪುಣ್ಯ.

ಉಸ್ತಾದರಿಗೆ ಐವತ್ತು ದಾಟಿರಬೇಕು. ಡಿಕ್ಕಿ ತೆರೆದವರೇ ನಕ್ಕರು. "ಏನ್ರೀ ಸಾವಕಾರ್ರ, ಅಕ್ಕೀನ ಸವಾರಿ ಕರಕೊಂಡ ಬಂದೀರೇನು?"

ನಾನು ಎಲ್ಲ ಹೇಳಿದೆ. ಎಷ್ಟು ಇಳಿಸಬೇಕು ಎಂದು ಕೇಳಿದರು. "ಎಷ್ಟ ಆಗ್ತೈತಿ ಅಷ್ಟ ಇಳಸ್ರಿ," ಎಂದೆ.

ಅವರ ನಗು ಹೋಯಿತು. "ಇಳಸೂದೇನ, ಯಾರಿಗೂ ಬರ್ತೈತಿ. ಎಲ್ಲಿ ನಿಲ್ಲಸಬೇಕು ಅನ್ನೂದ ಖರೇ ಕೆಲಸ. ಅದನ್ನ ನಿಮ್ಮನ್ನ ಕೇಳಿ ಏನ ಮಾಡ್ಲಿ? ಕುಂದರಾವ್ರನ್ನ ಕೇಳಬೇಕು."

ಶುಕ್ರವಾರ ಗ್ಯಾರೇಜಿಗೆ ಸೂಟಿ. ಮಧ್ಯಾಹ್ನದ ನಮಾಜು ಮುಗಿಸಿ ಬಸ್ಸು ಹಿಡಿದು ಖಾನಾಪುರಕ್ಕೇ ಬಂದರು. ಚಹಾ ಕುಡಿದು ಅಕ್ಕನ ಎದುರು ನೆಲದ ಮೇಲೆ ಕುಳಿತರು.

"ಅಕ್ಕೋರ, ಯಾರ ಕೈನೂ ಹಿಡೀದ ನೀವು ಎಲ್ಲಿ ಕುಂದರ್ತೀರಿ? ಅದನ್ನ ತೋರಸ್ರಿ."

ಅಕ್ಕ ತನ್ನ ಕುರ್ಚಿ ತೋರಿಸಿದಳು. ಉಸ್ತಾದರು ಜೇಬಿನಿಂದ ದಾರ ತೆಗೆದು ನೆಲದಿಂದ ಕುರ್ಚಿಯ ತನಕ ಅಳೆದು ಗಂಟು ಹಾಕಿದರು. ಮೂರು ಸಲ ಕುಳಿತು ಏಳಲು ಹೇಳಿದರು. ಅವಳ ಕಾಲಿನ ಕಡೆ ಒಮ್ಮೆಯೂ ನೋಡಲಿಲ್ಲ, ಕೈಗಳನ್ನೇ ನೋಡಿದರು. ಏಳುವಾಗ ಅವಳು ಮೊದಲು ಎಡಗೈಯಿಂದ ಆಸರೆ ಹಿಡಿಯುತ್ತಾಳೆ ಎಂಬುದು ನನಗೆ ಗೊತ್ತಾದದ್ದೇ ಅವತ್ತು.

ಆಮೇಲೆ ನನ್ನ ಕಡೆ ತಿರುಗಿದರು. "ಹೆಚ್ಚಿನ ಪಾಟಾ ತಗದ್ರ ಇನ್ನ ಚೀಲ ಹೇರಾಕ ಬರೂದಿಲ್ಲ. ಅಕ್ಕೋರು ಕುಂದರೂ ಗಾಡಿ ಮಾಡ್ಲೋ, ಚೀಲದ ಗಾಡಿ ಮಾಡ್ಲೋ? ಎರಡೂ ಆಗೂದಿಲ್ಲ ನೋಡ್ರಿ."

ಅಕ್ಕ ಕಿಟಕಿಯ ಕಡೆ ಮುಖ ಮಾಡಿದಳು. ಸರಕು ಲಾರಿಯಲ್ಲಿ ತರಿಸುತ್ತೇನೆ ಎಂದು ನಾನು ಹೇಳಿದೆ. ಆದರೆ ಸ್ವಲ್ಪ ತಡೆದು ಹೇಳಿದೆ. ಆ ತಡಕ್ಕೆ ಈಗಲೂ ನನಗೆ ನಾಚಿಕೆ.

ಉಸ್ತಾದರ ಕೆಲಸ ನೋಡಬೇಕು! ಹೆಚ್ಚಿನ ಪಾಟಾ ತೆಗೆದರು. ಉಳಿದವುಗಳಲ್ಲಿ ಒಂದೆರಡು ಸೀಳಿದ್ದವು; ಅವುಗಳ ಬದಲಿಗೆ ಗುಜರಿ ರಾಶಿಯಲ್ಲಿ ಇದೇ ಮಾದರಿಯ ಕಾರಿನ ಪಾಟಾ ಹುಡುಕಿದರು. ಅಗಲ, ದಪ್ಪ, ನಡುವಿನ ತೂತು, ಮೂರೂ ಹೊಂದಬೇಕು. ಹೊಸದರಂತೆ ಹೊಳೆಯುತ್ತಿದ್ದ ಒಂದನ್ನು ನಾನು ಎತ್ತಿಕೊಟ್ಟರೆ ಕೂದಲೆಳೆಯಷ್ಟು ದಪ್ಪ ಜಾಸ್ತಿ ಎಂದು ಎಸೆದರು. "ಬೆಂಕಿ ತೋರಿಸಿದ್ರ ಉಕ್ಕಿನ ಜೀವಾ ಹೋಗ್ತೈತಿ," ಎನ್ನುತ್ತ ಪಾಟಾಗಳನ್ನು ತಣ್ಣಗೇ ಬಡಿದು ಬಾಗು ಕಡಿಮೆ ಮಾಡಿದರು. ತಗ್ಗಿದ ಕಾರಿಗೆ ಹಳೆಯ ಶಾಕ್ ಅಬ್ಸಾರ್ಬರ್ ಉದ್ದವಾಗುತ್ತದೆ ಎಂದು ಗಿಡ್ಡದೊಂದು ಜೋಡಿ ಹುಡುಕಿ ಕೂರಿಸಿದರು. ಕೊನೆಗೆ ನನ್ನನ್ನು ಸ್ಟೇರಿಂಗಿನ ಮುಂದೆ ಕೂರಿಸಿ, ಹಿಂದಿನ ಸೀಟಿಗೆ ದಾರ ಹಿಡಿದರು. ಗಂಟಿಗಿಂತ ಒಂದು ಬಟ್ಟು, ಅಂದರೆ ಒಂದು ಬೆರಳಿನಷ್ಟು, ಎತ್ತರ ಇತ್ತು.

"ಇರ್ಲಿ ಬಿಡ್ರಿ, ಒಂದ ಬಟ್ಟ ಅಲ್ಲೇನು?" ಎಂದೆ.

"ಆ ಒಂದ ಬಟ್ಟಿಗೇ ಅಕ್ಕೋರು ನಿಮ್ಮನ್ನ ಕರೀಬೇಕಾಗ್ತೈತಿ," ಎಂದು ಎಲ್ಲ ಬಿಚ್ಚಿ ಮತ್ತೆ ಬಡಿದರು. ನಾನು ಕೇಳದಿದ್ದರೂ ಬಾಗಿಲ ಮೇಲ್ಗಡೆ, ಅವಳ ಎಡಗೈಗೆ ಸಿಗುವಂತೆ, ಚರ್ಮದ ಒಂದು ಹಿಡಿಕೆಯನ್ನೂ ಹಾಕಿದ್ದರು. ಅಂಥ ಕೆಲಸಗಾರನನ್ನು ನಾನು ಮತ್ತೆ ಕಂಡಿಲ್ಲ.

ರಜೆ ಮುಗಿದ ದಿನ ಹೊರಟೆವು. ದಾರಿಯ ಉಬ್ಬುಗಳಲ್ಲಿ ನಾನು ಕಾರು ನಿಧಾನ ಮಾಡಿ ಕಿವಿಗೊಟ್ಟೆ. ಕಾರು ಎಲ್ಲೂ ತಾಗಲಿಲ್ಲ. ಶಾಲೆಯ ಅಂಗಳದಲ್ಲಿ ನಿಲ್ಲಿಸಿ, ರೂಢಿಯಂತೆ ಓಡಿಹೋಗಿ ಎರಡೂ ಕೈ ಚಾಚಿ ಬಾಗಿಲ ಬಳಿ ನಿಂತೆ. ಅಕ್ಕ ತಾನೇ ಬಾಗಿಲು ತೆರೆದಳು. ಎಡಗೈಯಲ್ಲಿ ಹಿಡಿಕೆ ಹಿಡಿದು, ಊರುಗೋಲು ನೆಲಕ್ಕೆ ಊರಿ, ಎದ್ದು ನಿಂತಳು. ಮಕ್ಕಳು "ನಮಸ್ಕಾರ್ರೀ ಅಕ್ಕೋರ" ಎಂದರು. ಚಾಚಿದ ನನ್ನ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಬಾನೆಟ್ ಒರೆಸತೊಡಗಿದೆ.

ಸಂಜೆ ಕರೆತರಲು ಹೋದಾಗ ಅವಳು ಹೆಗಲಿಗೆ ಪುಸ್ತಕದ ಗಂಟು ಹಾಕಿಕೊಂಡು ಮೆಟ್ಟಿಲಿಳಿದು ಬಂದಳು. ನಾನು ದೂರದಲ್ಲೇ ನಿಂತು ಕೇಳಿದೆ, "ಅಕ್ಕಾ, ಕೈ ಕೊಡ್ಲೇನು?"

ಅವಳು ನನ್ನ ಮುಖವನ್ನೇ ನೋಡಿದಳು. "ಇಪ್ಪತ್ತ ವರ್ಷದಾಗ ಇವತ್ತ ಕೇಳಿದಿ ನೋಡು," ಎಂದಳು. "ಬ್ಯಾಡ. ಈ ಪುಸ್ತಕದ ಗಂಟ ಹಿಡಿ."