ನೋಲಿಯ ಬಲಗೈ

ನಮ್ಮ ಜಿಬ್ರಾಲ್ಟರಿನಲ್ಲಿ ಗುರಿಹಲಗೆಗೆ ಡಾರ್ಟ್ಸ್ ಎಂಬ ಪುಟ್ಟ ಬಾಣ ಎಸೆದೇ ಹೊಟ್ಟೆ ಹೊರೆಯುವವನೆಂದರೆ ನೋಲಿ ಬಾಲ್ಯೆತ್ತೊ ಒಬ್ಬನೇ. ಎಸೆಯುವ ಆ ಬಲಗೈ ಕೆಡಬಾರದೆಂದು ಯಾವಾಗಲೂ ಜೇಬಿನಲ್ಲೇ ಇರುತ್ತದೆ. ಆ ಕೈಯಲ್ಲಿ ಅವನು ಸೊಪ್ಪಿನ ಚೀಲವನ್ನೂ ಎತ್ತುವುದಿಲ್ಲ. ಬಿಷಪ್ಪರು ಬಂದರೂ ಎಡಗೈಯನ್ನೇ ಚಾಚುತ್ತಾನೆ. ಒಮ್ಮೆ ನಮ್ಮೂರ ಬಂಡೆಗುಡ್ಡದ ಕೋತಿ ಅವನ ಕೈಲಿದ್ದ ಕಲೆಂತಿತಾ ಎಂಬ ಕಡಲೆಹಿಟ್ಟಿನ ತಿಂಡಿಗೆ ಕೈಹಾಕಿದಾಗಲೂ ಎಡಗೈಯಲ್ಲೇ ಹೋರಾಡಿ ಸೋತ. ಹೊರದೇಶದಲ್ಲಿ ಸೋತು ಬಂದಾಗಲೆಲ್ಲ ಅವನದು ಒಂದೇ ಮಾತು: "ಅಲ್ಲಿ ಗಾಳಿ ಸರಿ ಇರ್ಲಿಲ್ಲ ಕಣ್ರೋ." ಮುಚ್ಚಿದ ಸಭಾಂಗಣದಲ್ಲಿ ಎಂಥ ಗಾಳಿ ಎಂದು ಯಾರೂ ಕೇಳುವಂತಿಲ್ಲ. ಕಳೆದ ಚಳಿಗಾಲದಲ್ಲಿ ಅವನು ಮೊದಲ ಸಲ ಟೀವಿಯಲ್ಲಿ ಬಂದ. ಊರಿಗೆ ಮರಳಿ ಕ್ಲಬ್ಬಿನಲ್ಲಿ ಎಸೆಯಲು ನಿಂತಾಗ ನಾವೆಲ್ಲ ಮರ್ಯಾದೆಯಿಂದ ಸುಮ್ಮನಾದೆವು. ನೋಲಿ ಕೈ ಎತ್ತಿದ. ಡಾರ್ಟ್ ಬೆರಳು ಬಿಟ್ಟು ಕದಲಲಿಲ್ಲ. ಬೆವರು ಒರೆಸಿಕೊಂಡು ಮತ್ತೆ ಎತ್ತಿದ, ಮತ್ತೆ ಇಳಿಸಿದ. ಇದು ಈ ಆಟದವರಿಗೆ ಬರುವ ರೋಗ. ಅಂಟಿಕೊಂಡರೆ ಹೊಟ್ಟೆಪಾಡೇ ಹೋಯಿತು. ಆಗ ಕ್ಲಬ್ಬಿನ ಬಾರಿನ ಒಡತಿ, ಮುದುಕಿ ಚಾರಿ, ಕಿರುಚಿದಳು: "ಏನೋ ಕತ್ತೆ, ಟೀವೀಲಿ ಮುಖ ಬಂದ್ಮೇಲೆ ನಮ್ ಬೋರ್ಡು ಕಣ್ಣಿಗೇ ಕಾಣ್ತಿಲ್ವೇನೋ?" ಡಾರ್ಟ್ ಹಾರಿ ನಟ್ಟನಡುವೆ ಕಚ್ಚಿತು, ನಮಗೆಲ್ಲ ಹೋದ ಜೀವ ಬಂದಂತಾಯಿತು. ಅಂದಿನಿಂದ ಅವನು ಗುರಿ ಹಿಡಿದಾಗಲೆಲ್ಲ ನಾವು ಬಾಯಿತುಂಬ ಬಯ್ಯುತ್ತೇವೆ, ಪಾದ್ರಿಗಳೂ ಸೇರಿದಂತೆ. ಆದರೆ ಮೊದಲ ಬೈಗುಳ ಚಾರಿಯದೇ ಆಗಬೇಕು. ಮೊನ್ನೆ ನೆಗಡಿಯಿಂದ ಅವಳ ಗಂಟಲು ಕಟ್ಟಿಹೋಗಿತ್ತು. ನೋಲಿ ಕೈ ಎತ್ತಿದವನು ಹಾಗೇ ನಿಂತು, ಕತ್ತು ತಿರುಗಿಸಿ ಅವಳನ್ನೇ ನೋಡಿದ. ಚಾರಿ ಬಗ್ಗಿ, ಕಾಲಿನ ಚಪ್ಪಲಿ ಕಳಚಿ, ಮೇಲೆತ್ತಿ ತೋರಿಸಿದಳು. ನೋಲಿ ನಿರಾಳವಾಗಿ ಉಸಿರುಬಿಟ್ಟು ಎಸೆದ.