ಸಿರುಗುಪ್ಪಕ್ಕೆ ಹೋಗಿ ಬಂದ ಎರಿ

ಬೆಳಿಗ್ಗೆ ಬಳ್ಳಾರಿ ಬಸ್ ನಿಲ್ದಾಣಕ್ಕೆ ಬಂದಾಗ ಚಳಿ ಚೆನ್ನಾಗಿಯೇ ಇತ್ತು, ಆದರೆ ನನ್ನ ಮೈ ಉರಿಯುತ್ತಿತ್ತು. ಜ್ವರವಲ್ಲ, ಸಿಟ್ಟು. ನನ್ನ ಜೇನುತುಪ್ಪವನ್ನು ಮಾರಾಟಕ್ಕೆ ಇಟ್ಟುಕೊಂಡಿದ್ದ ಸಿರುಗುಪ್ಪದ ಕಿರಾಣಿ ಅಂಗಡಿಯವರು ಹಿಂದಿನ ದಿನ ಫೋನ್ ಮಾಡಿದ್ದರು. "ಮೇಡಂ, ಬಾಟ್ಲಿ ಎಲ್ಲಾ ಗಟ್ಟಿಯಾಗ್ಯಾವ. ಸಕ್ರಿ ಪಾಕ ಅಂತಾರ ಜನ. ವಾಪಸ್ ಒಯ್ರಿ." ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಕಳ್ಳಿ ಅಂದಿರಲಿಲ್ಲ. ಒಂದು ದಿನ ರಜೆ ಹಾಕಿ ಹೊರಟೇಬಿಟ್ಟೆ.

ಮೊದಲು ಇಳಿದದ್ದು ಕುರುಗೋಡು ತಾಲೂಕಿನ ಬಾದನಹಟ್ಟಿಯಲ್ಲಿ. ಅಲ್ಲಿ ರಸ್ತೆಗೆ ಹೊಂದಿಕೊಂಡ ಮಲ್ಲಮ್ಮನ ಸೂರ್ಯಕಾಂತಿ ಹೊಲದ ಬದುವಿನ ಮೇಲೆ ನನ್ನ ನಾಲ್ಕು ಜೇನು ಪೆಟ್ಟಿಗೆಗಳಿವೆ. ಹೂ ಅರಳಿರುವಷ್ಟು ದಿನ ಹಗಲಲ್ಲಿ ಕೀಟನಾಶಕ ಹೊಡೆಯಬಾರದು, ನೊಣಗಳು ಗೂಡು ಸೇರಿದ ಮೇಲೆಯೇ ಹೊಡೆಯಬೇಕು ಎಂಬುದು ನಮ್ಮ ಮಾತು. ಪಕ್ಕದ ಹೊಲ ಅವಳ ಮೈದುನ ಈರಣ್ಣನದು. ಅವನೂ ಗೊಣಗುತ್ತಲೇ ಒಪ್ಪಿದ್ದ. ಸಿರುಗುಪ್ಪದ ಸುದ್ದಿ ನಾನು ಬರುವ ಮೊದಲೇ ಅವನಿಗೆ ಮುಟ್ಟಿತ್ತು.

"ಸಕ್ರಿ ನೀರಿನ ಜೇನಿಗೆ ನಾ ಯಾಕ ಸಂಜಿತನಕ ಕಾಯ್ಲಿ? ಇವತ್ತ ಪೆಟಗಿ ಎತ್ತಿಸು. ನಾಳಿ ಮುಂಜಾನಿ ಎಣ್ಣಿ ಹೊಡಿಯಾಂವ ನಾನು," ಎಂದು ಅತ್ತಿಗೆಗೆ ಹೇಳಿದ್ದನಂತೆ.

ಹೂವೆಲ್ಲ ಬಿರಿದು ನಿಂತಿರುವಾಗ, ಬೆಳಗಿನ ಹೊತ್ತು ಆ ಕೀಟನಾಶಕದ ಎಣ್ಣೆ ಬಿದ್ದರೆ ಒಂದು ನೊಣವೂ ಗೂಡಿಗೆ ಮರಳುವುದಿಲ್ಲ. ಪೆಟ್ಟಿಗೆ ಎತ್ತೋಣವೆಂದರೆ ಇಡಲು ಬೇರೆ ಹೊಲವಿಲ್ಲ. ನಾನು ಬದುವಿನ ಮೇಲೆ ಕೂತುಬಿಟ್ಟೆ. ಮಲ್ಲಮ್ಮ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ ಸಿದ್ಧಳಾಗಿ ನಿಂತಿದ್ದಳು. "ನಡೀರಿ ಅಕ್ಕಾರ, ನಾನೂ ಬರ್ತೀನಿ. ನನ್ನ ಹೊಲದ ಹೂವಿಂದು ಅದು. ಅದಕ್ಕ ಸಕ್ರಿ ಅಂದ್ರ ನನಗ ಅಂದಂಗ."

ಪೆಟ್ಟಿಗೆಯಿಂದ ಒಂದು ಚೌಕಟ್ಟನ್ನು ಅದರಲ್ಲಿ ಕಟ್ಟಿದ್ದ ಮೇಣದ ಹುಟ್ಟಿನ, ಅಂದರೆ ಎರಿಯ, ಸಮೇತ ಮೇಲೆತ್ತಿದೆ. ನಾನೆಂದೂ ಮುಟ್ಟದ, ನೊಣಗಳ ಪಾಲಿಗೇ ಬಿಟ್ಟ ಎರಿ ಅದು, ಪ್ರತಿ ಕೋಶವೂ ಮೇಣದಿಂದ ಮುಚ್ಚಿತ್ತು. "ಸಂಜೆಗೆ ತಂದು ಕೊಡ್ತೀನಿ ಕಣ್ರೇ," ಎಂದು ಅವಕ್ಕೆ ಹೇಳಿ, ನೊಣಗಳನ್ನು ಮೆಲ್ಲಗೆ ಕೊಡವಿ, ಹಳೆಯ ಪಂಚೆಯಲ್ಲಿ ಸುತ್ತಿ, ಅಂಗಡಿಯವರ ಕಣ್ಣೆದುರೇ ಬಿಚ್ಚೋಣವೆಂದು ನನ್ನ ಟ್ರಂಕಿನಲ್ಲಿಟ್ಟೆ.

ಕುರುಗೋಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ನಿಲ್ದಾಣದ ಹತ್ತಿರ ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜ್ಜಿ ತಿಂದೆವು. ಮಿರ್ಚಿ ನನ್ನ ಸಿಟ್ಟಿಗಿಂತ ಖಾರವಾಗಿತ್ತು. ಸಿರುಗುಪ್ಪದ ಬಸ್ಸಿನಲ್ಲಿ ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆಯುವಷ್ಟರಲ್ಲಿ ಟ್ರಂಕಿನ ಸಂದಿಯಿಂದ ಒಂದು ನೊಣ ಹೊರಬಂದು ಕಂಡಕ್ಟರ್ ಕೈಯ ಮಷೀನಿನ ಮೇಲೆ ಕೂತಿತು.

"ಏನ್ರಿ ಇದು! ಇದಕ್ಯಾರು ಟಿಕೆಟ್ ತಗೋತಾರ?"

"ದುಡಿಯೋ ಹುಳ ಎಲ್ಲಾ ಹೆಣ್ಣ ಅದಾವ ಯಪ್ಪಾ. ಹೆಣ್ಣಮಕ್ಕಳಿಗೆ ಫ್ರೀ ಅಲ್ಲೇನು?" ಎಂದಳು ಮಲ್ಲಮ್ಮ.

"ಹಂಗಾದ್ರ ಆಧಾರ್ ತೋರ್ಸಂತ ಹೇಳ್ರಿ," ಎಂದು ಆತ ನಕ್ಕ. ಬಸ್ಸೆಲ್ಲ ನಕ್ಕಿತು. ಮಲ್ಲಮ್ಮ ಆ ನೊಣವನ್ನು ಬೊಗಸೆಯಲ್ಲಿ ಹಿಡಿದು ಒಳಗೆ ಬಿಟ್ಟಳು. ಕಿಟಕಿಯಾಚೆ ಕಪ್ಪು ಹೊಲಗಳು ಮುಗಿದು ಕಾಲುವೆ, ಭತ್ತದ ಗದ್ದೆ, ಅಕ್ಕಿ ಗಿರಣಿಗಳು ಶುರುವಾದವು. ಸಿರುಗುಪ್ಪದಲ್ಲಿ ಇಳಿದಾಗ ಬಿಸಿಲು ನೆತ್ತಿಗೇರಿತ್ತು.

ಅಂಗಡಿಯವರು ಬಾಟಲಿಗಳನ್ನು ರಟ್ಟಿನ ಡಬ್ಬಿಗೆ ತುಂಬಿ ಹೊರಗೇ ಇಟ್ಟಿದ್ದರು. ಅದನ್ನು ನೋಡಿ ನನಗೆ ಅಳುವೂ ಬಂತು, ರೋಷವೂ ಬಂತು. ಚಳಿಗೆ ತುಪ್ಪ ಗಟ್ಟಿಯಾದರೆ ಯಾರಿಗೂ ಅನುಮಾನವಿಲ್ಲ, ಜೇನುತುಪ್ಪ ಹರಳುಗಟ್ಟಿದರೆ ಮಾತ್ರ ಕಳ್ಳತನ! ಸೂರ್ಯಕಾಂತಿಯ ಜೇನಿನ ಗುಣವೇ ಅದು ಎಂದು ಫೋನಿನಲ್ಲಿ ಹೇಳಿ ಸಾಕಾಗಿತ್ತು. ಗಲ್ಲಾದ ಮುಂದೆಯೇ ಎರಿ ಬಿಚ್ಚಿ, ಚಮಚದಿಂದ ನಡುವೆ ಮೇಣ ಸರಿಸಿದೆ.

ಜೇನು ಸರಕ್ಕನೆ ಹರಿಯಿತು. ತೆಳ್ಳಗೆ, ನೀರಿನಂತೆ.

"ನೋಡ್ರಿ ಮತ್ತ," ಅಂದರು ಅಂಗಡಿಯವರು. "ಎರಿಯಾಗ ತೆಳ್ಳಗ, ಬಾಟ್ಲಿಯಾಗ ಗಟ್ಟಿ." ನಿಂತಿದ್ದ ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಆವೇಶದಲ್ಲಿ, ಒಳಗೇನಿದೆ ಎಂದು ನೋಡದೆಯೇ ಹೊತ್ತು ತಂದಿದ್ದೆ. ಆಮೇಲೆ ತಲೆ ಓಡಿತು. ನೊಣಗಳು ಮೊದಲು ತುಂಬುವುದು ಮೇಲಿನ ಮೂಲೆ, ಎಲ್ಲಕ್ಕಿಂತ ಮೊದಲು ಗಟ್ಟಿಯಾಗುವ ಹಳೆಯ ಜೇನು ಇರುವುದು ಅಲ್ಲಿ. ಅಲ್ಲಿ ಮೇಣ ಕೆರೆದೆ. ಬೆಳ್ಳಗೆ, ರವೆಯಂತೆ ಗಟ್ಟಿ ಜೇನು ಚಮಚಕ್ಕೆ ಬಂತು. ಅದನ್ನು ಅವರ ಅಂಗೈಗೇ ಹಾಕಿದೆ.

"ಹುಳ ಹಾಕಿದ ಮುಚ್ಚಳದೊಳಗೆ ಹೋಗಿ ನಾನು ಸಕ್ರಿ ತುಂಬಿದ್ನೇನ್ರಿ? ಹೇಳ್ರಿ ಈಗ!"

ಅವರು ನೆಕ್ಕಿದರು. ಮತ್ತೊಮ್ಮೆ ನೆಕ್ಕಿದರು. "ನಾ ನಂಬಿದೆ ಮೇಡಂ. ಆದ್ರ ಗಿರಾಕಿ ಕೇಳಬೇಕಲ್ಲ. ಒಂದೀಟು ಕಾಯಿಸಿ, ಕರಗಿಸಿ ತಂದುಬಿಡ್ರಿ, ಗದ್ಲಾನ ಇರಂಗಿಲ್ಲ."

"ಕಾಯಿಸೋದಿಲ್ಲ," ಎಂದೆ. "ಕಾಯಿಸಿದ್ರೆ ಹೂವಿನ ಘಮ ಹೋಗ್ತದ. ಇವತ್ತು ನಿಮಗಾಗಿ ಕರಗಿಸಿದ್ರೆ, ಹೋದ ಸಲ ತಪ್ಪು ಮಾಡಿದ್ದೆ ಅಂತ ನಾನೇ ಒಪ್ಪಿದಂಗ." ಅವರ ಗಲ್ಲಾದಿಂದಲೇ ಮಾರ್ಕರ್ ಪೆನ್ನು ಕೇಳಿ ತೆಗೆದುಕೊಂಡು, ಅಲ್ಲೇ ಮೆಟ್ಟಿಲ ಮೇಲೆ ಕೂತು ಪ್ರತಿ ಬಾಟಲಿಯ ಮೇಲೂ ದಪ್ಪಗೆ ಬರೆದೆ: ಈ ಜೇನು ಗಟ್ಟಿಯಾಗುತ್ತದೆ. ಕಾಯಿಸಿಲ್ಲ. ಅನುಮಾನವಿದ್ದವರು ಬಾದನಹಟ್ಟಿಗೆ ಬಂದು ಪೆಟ್ಟಿಗೆ ನೋಡಿ.

"ಮಲ್ಲಮ್ಮನ ಹೊಲ ಅಂತ ಬರೀರಿ," ಎಂದಳು ಪಕ್ಕದಲ್ಲಿ ಕೂತವಳು. "ಬಂದೋರು ಹುಡುಕ್ಯಾಡಬಾರದು." ಅದನ್ನೂ ಬರೆದೆ. ಅಂಗಡಿಯವರು ತಲೆ ಕೆರೆದುಕೊಂಡು, ಬಾಟಲಿಗಳನ್ನು ಒಂದೊಂದಾಗಿ ಮತ್ತೆ ಹಲಗೆಗೆ ಏರಿಸಿದರು.

ಬಾದನಹಟ್ಟಿಗೆ ಮರಳಿದಾಗ ಹೊತ್ತು ಇಳಿಯುತ್ತಿತ್ತು. ಬದುವಿನ ಮೇಲೆ ಈರಣ್ಣ ಕೈಕಟ್ಟಿ ನಿಂತಿದ್ದ. ನಾಳೆಗೆಂದು ಸಜ್ಜು ಮಾಡಿದ ಎಣ್ಣೆ ಹೊಡೆಯುವ ಪಂಪು ಕಾಲ ಬಳಿಯಿತ್ತು. ನಾನು ಎರಿಯನ್ನು ಅದರ ಜಾಗಕ್ಕೆ ಇಳಿಸಿದೆ. ಕೆರೆದ ಮೂಲೆಗೆ ನೊಣಗಳು ಆಗಲೇ ಮುತ್ತಿಕೊಂಡವು.

"ಎತ್ತಾಕ ಗಾಡಿ ಹೇಳೀಯೇನು?" ಎಂದು ಈರಣ್ಣ ಅತ್ತಿಗೆಯನ್ನು ಕೇಳಿದ.

"ಇಲ್ಲ. ಅಂಗಡಿಯಾಂವ ಜೇನು ಮತ್ತ ಇಟ್ಕೊಂಡ. ಬಾಟ್ಲಿ ಮ್ಯಾಲೆ ನನ್ನ ಹೆಸರೈತಿ ಈಗ. ಪೆಟಗಿ ಇಲ್ಲಿಂದ ಅಲುಗೂದಿಲ್ಲ." ಮಲ್ಲಮ್ಮ ಹರಳುಗಟ್ಟಿದ ಜೇನು ಅಂಟಿದ್ದ ಮೇಣದ ಚೂರೊಂದನ್ನು ಅವನ ಕೈಗಿಟ್ಟಳು. "ತಿಂದು ನೋಡು. ಆಮ್ಯಾಲೆ ಸಕ್ರಿ ಅನ್ನು."

ಅವನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. ಸಕ್ಕರೆ ಎನ್ನಲಿಲ್ಲ, ಜೇನು ಎಂದೂ ಅನ್ನಲಿಲ್ಲ. ಕೊನೆಗೆ ಪೆಟ್ಟಿಗೆಯ ಬಾಯಿ ನೋಡುತ್ತ ಕೇಳಿದ: "ಎಷ್ಟೊತ್ತಿಗೆ ಒಳಗ ಹೋಗ್ತಾವ ಇವೆಲ್ಲಾ?"

"ಇಲ್ಲೇ ನಿಂತು ನೋಡು," ಎಂದಳು ಮಲ್ಲಮ್ಮ.

ಬಳ್ಳಾರಿಯ ಬಸ್ಸು ಹತ್ತಿ ಕಿಟಕಿಯಿಂದ ಹಿಂದಿರುಗಿ ನೋಡಿದೆ. ಪಂಪು ನೆಲದ ಮೇಲೆಯೇ ಇತ್ತು. ಈರಣ್ಣ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕೊನೆಯ ನೊಣ ಮನೆ ಸೇರುವುದನ್ನು ಕಾಯುತ್ತಿದ್ದ.