ಸಾಸರಿಲ್ಲದ ಇಪ್ಪತ್ತೆರಡು ಕಪ್ಪುಗಳು

ಎಲ್ಲರ ಬಾಯಲ್ಲೂ ಅವಳು ಪರದೆಯಕ್ಕ. ಕಿಟಕಿ ಪರದೆ ಹೊಲಿಯುವುದು ಕಸುಬು, ಟೀ ಕಪ್ಪು ಕೂಡಿಡುವುದು ಹುಚ್ಚು. ಹೊಲಿಗೆ ಯಂತ್ರದ ಪಕ್ಕದ ಗಾಜಿನ ಬೀರುವಿನಲ್ಲಿ ಇಪ್ಪತ್ತೆರಡು ಕಪ್ಪುಗಳಿದ್ದವು, ಒಂದಕ್ಕೂ ಸಾಸರಿರಲಿಲ್ಲ. ಅವುಗಳಲ್ಲಿ ಟೀ ಕುಡಿಯುವ ಭಾಗ್ಯ ಯಾವ ನೆಂಟರಿಗೂ ಸಿಕ್ಕಿರಲಿಲ್ಲ.

ಎಲ್ಲವೂ ಅಪ್ಪ ತಂದದ್ದು. ಯಂತ್ರದ ಬಿಡಿಭಾಗ ಮಾರುತ್ತ ತಿಂಗಳಲ್ಲಿ ಹದಿನೈದು ದಿನ ಊರೂರು ಅಲೆಯುತ್ತಿದ್ದ ಅವರದು ಚೀಲದಿಂದ ಕಪ್ಪು ತೆಗೆದಾಗಲೆಲ್ಲ ಅದೇ ರಾಗ: "ಸಾಸರು ಬಸ್ಸಲ್ಲಿ ಒಡೆದೋಯ್ತು ಮಗಳೇ. ಇರೋ ಒಬ್ಬಳು ಮಗಳಿಗೆ ಕಪ್ಪಾದ್ರೂ ಉಳೀತಲ್ಲ!"

ಅಮ್ಮ ಗೊಣಗಿದರೆ ಇವಳೇ ಅಪ್ಪನ ಪರ ವಕಾಲತ್ತಿಗೆ ನಿಲ್ಲುತ್ತಿದ್ದಳು. "ಹಳೇ ಕಾಲದಲ್ಲಿ ಕಪ್ಪಿಗೆ ಹಿಡೀನೇ ಇರ್ಲಿಲ್ವಂತಮ್ಮ, ಸಾಸರಿಗೆ ಸುರ್ಕೊಂಡು ಕುಡೀತಿದ್ರಂತೆ. ಈಗ ಹಿಡಿ ಇದೆಯಲ್ಲ, ಸಾಸರ್ ಯಾಕೆ?" ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾದರೂ ಅವಳ ಸಿಟ್ಟೆಲ್ಲ ಕೆಟ್ಟ ರಸ್ತೆಗಳ ಮೇಲೆಯೇ ಇತ್ತು.

ಮೊನ್ನೆ ಎರಡು ಗಂಟೆ ದಾರಿಯ ಊರಿನಿಂದ ಟೀಚರೊಬ್ಬರು ಪರದೆಗೆ ಹೇಳಿಕಳಿಸಿದರು. ಟೇಪು ಹಿಡಿದು ಹಜಾರಕ್ಕೆ ಕಾಲಿಟ್ಟ ಪರದೆಯಕ್ಕ ನಿಂತಲ್ಲೇ ನಿಂತಳು. ಗೋಡೆಯ ತುಂಬ ಸಾಸರುಗಳು. ತನ್ನ ಕಪ್ಪುಗಳ ಮೇಲಿನವೇ ಚಿತ್ರಗಳು: ನೀಲಿ ಬಳ್ಳಿಯದು, ಚಿನ್ನದ ಅಂಚಿನದು, ಹಸಿರು ಮೀನಿನದು. ಎಣಿಸುವ ಅಗತ್ಯವಿರಲಿಲ್ಲ, ಆದರೂ ಎಣಿಸಿದಳು. ಇಪ್ಪತ್ತೆರಡೇ ಇದ್ದವು.

"ನಮ್ಮಪ್ಪ ತರ್ತಿದ್ರು," ಎಂದರು ಅವಳದೇ ವಯಸ್ಸಿನ ಟೀಚರ್. "ಬಿಡಿಭಾಗದ ವ್ಯಾಪಾರ, ಸದಾ ತಿರುಗಾಟ. ಕಪ್ಪೆಲ್ಲ ಬಸ್ಸಲ್ಲಿ ಒಡೆದುಹೋಗ್ತಿತ್ತಂತೆ, ಪಾಪ. ನಾನೊಬ್ಬಳೇ ಮಗಳು ನೋಡಿ, ಬರಿಗೈಲಿ ಬಂದೋರೇ ಅಲ್ಲ. ಹನ್ನೊಂದು ವರ್ಷದ ಹಿಂದೆ ಟೂರಿಗೆ ಅಂತ ಹೋದೋರು ವಾಪಸ್ ಬರ್ಲೇ ಇಲ್ಲ. ಹುಡುಕದ ಊರಿಲ್ಲ."

ಪರದೆಯಕ್ಕ ಒಂದೇ ಕಿಟಕಿಯ ಅಳತೆಯನ್ನು ಎರಡು ಸಲ ಬರೆದುಕೊಂಡಳು. ಸತ್ತವರನ್ನು ನಿಲ್ಲಿಸಿ ಕೇಳುವುದು ಹೇಗೆ? ಅಪ್ಪ ಮೋಸ ಮಾಡಿದ್ದರು. ಅದೂ ಅಮ್ಮನ ಬಾಯಿ ಮುಚ್ಚಿಸಲು ಮಗಳನ್ನೇ ಬಳಸಿಕೊಂಡಿದ್ದರು.

ಮನೆಗೆ ಬಂದವಳೇ ನೀಲಿ ಬಳ್ಳಿಯ ಕಪ್ಪನ್ನು ನೆಲಕ್ಕಪ್ಪಳಿಸಲು ಎತ್ತಿದಳು. ಬಸ್ಸು ಒಡೆಯದ್ದನ್ನು ತಾನು ಒಡೆದರೆ ಅಪ್ಪನ ಸುಳ್ಳನ್ನು ತಾನೇ ನಿಜ ಮಾಡಿದಂತೆ ಎನ್ನಿಸಿ ಕೈ ಇಳಿಸಿದಳು.

ವಾರದ ನಂತರ ಟೀಚರ್ ಮನೆಗೆ ಪರದೆಗಳ ಕಟ್ಟು ಹೋಯಿತು. ಮಡಿಕೆಗಳ ನಡುವೆ ಆ ಕಪ್ಪಿತ್ತು. ಜೊತೆಗೆ ಚೀಟಿ. ಅಕ್ಕ ಎನ್ನಬೇಕೋ ತಂಗಿ ಎನ್ನಬೇಕೋ ತಿಳಿಯದೆ ಅವಳು ಯಾವುದನ್ನೂ ಬರೆಯದೆ ನೇರ ವಿಷಯಕ್ಕೆ ಬಂದಿದ್ದಳು:

"ಇದು ಒಡೆದಿರಲಿಲ್ಲ. ನಿನ್ನ ಸಾಸರಿನ ಮೇಲಿಟ್ಟು ನೋಡು. ಇನ್ನು ಅಪ್ಪನಿಗಾಗಿ ಕಾಯಬೇಡ."